ಸಾಕ್ಷಿಯ ಹೆಂಡತಿ

ನನ್ನ ಗಂಡ ವೇದಾಂತಿಯಾದ ವರ್ಷ ಮುಂಬಯಿ ಹೊರವಲಯದ ನಮ್ಮ ಠಾಕುರ್ಲಿಯ ಮನೆಗೆ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬೆಳಿಗ್ಗೆ ನಲ್ಲಿಯಲ್ಲಿ ಗಾಳಿ ಸುಯ್ ಅಂದ ಕೂಡಲೇ ನಾನು ಎದ್ದು ಓಡಬೇಕು. ಡ್ರಮ್ಮು, ಬಕೆಟ್ಟು, ಅಡುಗೆಮನೆಯ ಕೊಡ, ಕೊನೆಗೆ ಕುಕ್ಕರನ್ನೂ ಬಿಡದೆ ತುಂಬಿಸಬೇಕು. ಆಮೇಲೆ ಅತ್ತೆಗೆ ಕಾಫಿ ಕೊಟ್ಟು, ಮೂವರ ಡಬ್ಬಿ ಕಟ್ಟಿ, ಠಾಣೆಯ ಲೋಕಲ್ ರೈಲು ಹಿಡಿಯಬೇಕು. ಅಷ್ಟು ಹೊತ್ತೂ ನನ್ನ ಗಂಡ ಹಾಲ್‌ನ ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು.

"ಒಂದು ಬಕೆಟ್ ಆದ್ರೂ ಹಿಡೀಬಾರ್ದಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಅವರು ನಿಧಾನಕ್ಕೆ ಕಣ್ಣು ತೆರೆದರು. "ನೋಡು, ನೀರು ಬರ್ತದೆ, ಹೋಗ್ತದೆ. ನಾನು ಅದನ್ನು ನೋಡುವವ ಮಾತ್ರ. ಸಾಕ್ಷಿ."

ಒಳಕೋಣೆಯಿಂದ ಅತ್ತೆಯ ದನಿ ಬಂತು. "ನೋಡುವವನಿಗೆ ಸ್ನಾನಕ್ಕೆ ಎರಡು ಬಕೆಟ್ ಎಂತಕ್ಕಂತೆ ಕೇಳು."

ಅತ್ತೆ ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಅಷ್ಟೆ. ನಾವು ಉಡುಪಿ ಕಡೆಯವರು. ಮದುವೆಯಾಗಿ ಬಂದಾಗಿನಿಂದ ನಾನು ಈ ಊರಿನಲ್ಲೇ ಇದ್ದೇನೆ. ನನಗೆ ಠಾಣೆಯಲ್ಲಿ ಒಂದು ಸಾರಿಗೆ ಕಂಪನಿಯ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ. ಅವರು ಶಹಾಡ್‌ನ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಮೇಲ್ವಿಚಾರಕರು. ಮನೆಯಲ್ಲಿ ನಾವಿಬ್ಬರು, ಅತ್ತೆ, ಒಬ್ಬಳು ಮಗಳು. ಮೂರನೆಯ ಮಹಡಿ, ಲಿಫ್ಟ್ ಇಲ್ಲ.

ವೇದಾಂತಕ್ಕೆ ಮುಂಚೆ ಅವರು ಬೇರೆಯೇ ಮನುಷ್ಯ. ಡೊಂಬಿವಲಿ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಮೆಂತ್ಯಕ್ಕೆ ಮೂರು ಅಂಗಡಿ ಸುತ್ತುತ್ತಿದ್ದರು. ಫ್ಯೂಸ್ ಹೋದರೆ ಇಡೀ ಕಟ್ಟಡದವರು ಇವರನ್ನು ಕರೆಯುತ್ತಿದ್ದರು. ಸಿಟ್ಟೂ ಅಷ್ಟೇ, ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದರು. ಎರಡು ಸಾವಿರದ ಏಳೋ ಎಂಟೋ ಇರಬೇಕು, ಯಾರೋ ಸಹೋದ್ಯೋಗಿ ಅವರನ್ನು ಡೊಂಬಿವಲಿ ಪೂರ್ವದ ಒಂದು ಮನೆಗೆ ಕರೆದುಕೊಂಡು ಹೋದರು. ಅಲ್ಲಿ ನಿವೃತ್ತ ಮೇಷ್ಟರೊಬ್ಬರು ಪ್ರತಿ ಶನಿವಾರ ಸಂಜೆ ಕನ್ನಡದವರಿಗೆ ವೇದಾಂತದ ಪಾಠ ಹೇಳುತ್ತಿದ್ದರು. ಇವರು ಒಮ್ಮೆ ಹೋದವರು ಮತ್ತೆ ಬಿಡಲಿಲ್ಲ.

ಮೊದಮೊದಲು ನನಗೆ ಸಂತೋಷವೇ ಆಗಿತ್ತು. ಉಪ್ಪಿಲ್ಲದ ಸಾರನ್ನು ಸುಮ್ಮನೆ ಉಂಡರು. ಮಗಳು ಕಪ್ ಒಡೆದಾಗ ಬೈಯಲಿಲ್ಲ. ಊರಲ್ಲಿದ್ದ ನನ್ನ ಅಕ್ಕನಿಗೆ ಫೋನ್ ಮಾಡಿ, "ನಮ್ಮವರು ತುಂಬ ಒಳ್ಳೆಯವರಾಗಿದ್ದಾರೆ ಮಾರಾಯ್ತಿ" ಎಂದು ಹೇಳಿದ್ದೆ. ಸಿಟ್ಟು ಬಿಟ್ಟವರು ಮುಂದೆ ಒಂದೊಂದಾಗಿ ಉಳಿದದ್ದನ್ನೂ ಬಿಡುತ್ತಾರೆಂದು ನನಗೇನು ಗೊತ್ತು? ಮಾರ್ಕೆಟ್ ಬಿಟ್ಟರು. ಫ್ಯೂಸ್ ಬಿಟ್ಟರು. ಗ್ಯಾಸ್ ಮುಗಿದಿದೆ ಎಂದರೆ, "ಮುಗಿಯುವುದು ಅದರ ಸ್ವಭಾವ" ಎಂದರು. ಸೊಸೈಟಿಯ ಸಭೆಗೆ ನಾನೇ ಹೋಗಬೇಕಾಯಿತು. ಅಲ್ಲಿ ಗಂಡಸರ ನಡುವೆ ಕುಳಿತು ಟೆರೇಸಿನ ಸೋರಿಕೆಗಾಗಿ ಗಂಟಲು ಹರಿದುಕೊಂಡು ಮನೆಗೆ ಬಂದರೆ, ನನ್ನ ಮುಖ ನೋಡಿ, "ನೀನು ಎಲ್ಲದರ ಜೊತೆ ತುಂಬ ಅಂಟಿಕೊಳ್ತೀ" ಎಂದು ಮರುಕಪಟ್ಟರು.

ಮಗಳ ಕಾಲೇಜು ಪ್ರವೇಶದ ಸಮಯದಲ್ಲಿ ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳು ಹತ್ತನೆಯದು ಮುಗಿಸಿದ್ದಳು. ಯಾವ ಕಾಲೇಜು, ಕಾಮರ್ಸೋ ಸೈನ್ಸೋ, ಏನೂ ತೀರ್ಮಾನವಾಗಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

"ಪಪ್ಪಾ, ಫಾರ್ಮ್ ಕಾ ಕಲ್ ಲಾಸ್ಟ್ ಡೇಟ್ ಹೈ. ಬೋಲೋ ನಾ ಕುಛ್!"

"ಎಲ್ಲಿ ಸಿಗಬೇಕೋ ಅಲ್ಲಿ ಸಿಗ್ತದೆ ಮಗಾ. ನಾಳೆ ಅನ್ನುವುದೇ ಮನಸ್ಸಿನ ಕಲ್ಪನೆ."

ಅವಳು ನನ್ನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು. "ಅಮ್ಮಾ, ಇನ್ಕೋ ಕ್ಯಾ ಹೋ ಗಯಾ ಹೈ?" ಇವರಿಗೆ ಏನಾಗಿದೆ ಅಂತೆ. ಮರುದಿನ ನಾನು ರಜೆ ಹಾಕಿ ಕಲ್ಯಾಣದ ಕಾಲೇಜಿನ ಮುಂದೆ ಬಿಸಿಲಲ್ಲಿ ಸರತಿಯಲ್ಲಿ ನಿಂತೆ. ಸೀಟು ಸಿಕ್ಕಿತು. ಸಂಜೆ ಅವರಿಗೆ ಹೇಳಿದಾಗ ಮುಗುಳ್ನಕ್ಕು, "ನಾನು ಹೇಳಿರಲಿಲ್ವಾ, ಸಿಗ್ತದೆ ಅಂತ?" ಎಂದರು. ಕೈಯಲ್ಲಿದ್ದ ಸೌಟನ್ನು ನಾನು ಹೇಗೋ ಪಾತ್ರೆಯೊಳಗೇ ಇಟ್ಟುಕೊಂಡೆ.

ಅತ್ತೆಯ ಸಂಕಟ ಬೇರೆ. ನಮ್ಮದು ದ್ವೈತದ ಮನೆತನ. ದೇವರು ದೇವರೇ, ಜೀವ ಜೀವವೇ. ಅವನು ದೊಡ್ಡವ, ನಾವು ಅವನ ಕಾಲ ಬಳಿ ಇರುವವರು. ಎಂಬತ್ತು ಸಮೀಪಿಸುತ್ತಿದ್ದ ಮುದುಕಿ ಅಷ್ಟೂ ವರ್ಷ ಕೃಷ್ಣನ ಪಟಕ್ಕೆ ತುಳಸಿ ಏರಿಸಿ ನಂಬಿಕೊಂಡು ಬಂದದ್ದು ಇದನ್ನೇ. ಈಗ ಹೊಟ್ಟೆಯಲ್ಲಿ ಹುಟ್ಟಿದ ಮಗ ಅವಳೆದುರೇ ಕುಳಿತು, ಜೀವಕ್ಕೂ ಬ್ರಹ್ಮಕ್ಕೂ ಭೇದವಿಲ್ಲ, ಆಳಕ್ಕೆ ಹೋದರೆ ನಾನೇ ಅದು ಎನ್ನುತ್ತಿದ್ದ.

"ಇವ ಬ್ರಹ್ಮ ಅಂತೆ!" ಎಂದು ಅತ್ತೆ ನನ್ನ ಹತ್ತಿರ ಹೇಳುತ್ತಿದ್ದರು. "ಸಣ್ಣದಿರುವಾಗ ಇವನ ಮೂಗು ಒರೆಸಿ ಒರೆಸಿ ನನ್ನ ಸೆರಗು ಹಾಳಾಗಿತ್ತು. ಬ್ರಹ್ಮ ಅಂತೆ."

ನಾನು ನಗುತ್ತಿದ್ದೆ. ಆ ಮನೆಯಲ್ಲಿ ಆಗ ನಗಲಿಕ್ಕೆ ಇದ್ದವರು ನಾವಿಬ್ಬರೇ.

ಮುಂದಿನ ವರ್ಷ ಅವರು ಭಾನುವಾರ ಮಧ್ಯಾಹ್ನದವರೆಗೆ ಮೌನ ಹಿಡಿಯಲು ಶುರುಮಾಡಿದರು. ಅಂಥ ಒಂದು ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಬಚ್ಚಲಿನಲ್ಲಿ ತಂಬಿಗೆ ಬಿದ್ದ ಸದ್ದು, ಹಿಂದೆಯೇ ಅತ್ತೆಯ ಕೂಗು. ಓಡಿ ಹೋಗಿ ನೋಡಿದರೆ ಅತ್ತೆ ಒದ್ದೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಬಲಗಾಲು ಇರಬಾರದ ರೀತಿಯಲ್ಲಿ ಹೊರಳಿತ್ತು.

"ಬನ್ನಿ ಇಲ್ಲಿ! ಅಮ್ಮ ಬಿದ್ದಿದ್ದಾರೆ!" ಎಂದು ಕಿರುಚಿದೆ.

ಅವರು ಬಂದರು. ಬಾರದೆ ಇರಲಿಲ್ಲ, ಅಷ್ಟು ಹೇಳಲೇಬೇಕು. ಬಚ್ಚಲ ಬಾಗಿಲಲ್ಲಿ ನಿಂತು ನೋಡಿದರು. ಮುಖ ಬಿಳಿಚಿಕೊಂಡಿತು. ಆದರೆ ಬಾಯಿ ತೆರೆಯಲಿಲ್ಲ. ಅತ್ತೆಯ ತಲೆಯನ್ನು ನನ್ನ ಮಡಿಲಿಗೆ ಎತ್ತಿಕೊಂಡು, "ಎಂತ ಮಾಡುದು? ಯಾರನ್ನು ಕರೆಯುದು? ಹೇಳಿ!" ಎಂದು ನಾನು ಕೂಗುತ್ತಿದ್ದರೆ, ಅವರು ಬೆರಳು ಎತ್ತಿ ಹಾಲ್‌ನಲ್ಲಿದ್ದ ಫೋನಿನ ಕಡೆ ತೋರಿಸಿದರು.

ಫೋನಿನ ಕಡೆ ತೋರಿಸಿದರು. ನಾನೇ ಎದ್ದು ಹೋಗಿ ಮಾಡಬೇಕಂತೆ, ಯಾಕೆಂದರೆ ಅವರು ಮಾತಾಡುವ ಹಾಗಿಲ್ಲ.

ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಆಂಬುಲೆನ್ಸ್ ಕೆಳಗೆ ಬಂದು ನಿಂತಿತಾದರೂ ಮೂರು ಮಹಡಿ ಇಳಿಸಲು ಅದರ ಜೊತೆ ಡ್ರೈವರ್ ಒಬ್ಬನೇ ಇದ್ದ. ಪಕ್ಕದಲ್ಲಿ ಹೊಸ ಕಟ್ಟಡದ ಕೆಲಸ ನಡೆದಿತ್ತು. ರಾಯಚೂರು ಕಡೆಯ ಆಳುಗಳು ಅಲ್ಲೇ ತಗಡಿನ ಗುಡಿಸಲು ಕಟ್ಟಿಕೊಂಡಿದ್ದರು. ನಾನು ಗ್ಯಾಲರಿಯಿಂದ ಕೂಗಿದೆ. ಇಬ್ಬರು ಕೈ ತೊಳೆದುಕೊಂಡು ಮೇಲೆ ಬಂದರು.

"ಯಕ್ಕಾ, ದಪ್ಪನ್ನ ಜಮಖಾನ ಇದ್ರ ಕೊಡ್ರಿ. ಅದರ ಮ್ಯಾಲೆ ಮಲಗಿಸ್ಕೊಂಡು ಒಯ್ಯೂಣು. ಸಾಹೇಬ್ರ, ನೀವು ಆ ಕಡಿ ತುದಿ ಹಿಡೀರಿ."

ಇವರು ಹಿಡಿದರು. ಎರಡನೆಯ ಮಹಡಿಯ ತಿರುವಿನಲ್ಲಿ ಆಳುಗಳಲ್ಲೊಬ್ಬ ಏನೋ ಕೇಳಿದ, ಇವರು ತಲೆಯಾಡಿಸಿದರು. ಮತ್ತೆ ಕೇಳಿದ, ಮತ್ತೆ ತಲೆಯಾಡಿಸಿದರು. ಅವನು ನನ್ನ ಕಡೆ ನೋಡಿ ದನಿ ತಗ್ಗಿಸಿ, "ಸಾಹೇಬ್ರಿಗೆ ಮಾತು ಬರಂಗಿಲ್ಲೇನ್ರಿ?" ಎಂದ. ನೋವಿನಲ್ಲಿ ನರಳುತ್ತಿದ್ದ ಅತ್ತೆ ಜಮಖಾನದೊಳಗಿಂದ ಏನೋ ಅಂದರು. ತುಳು ಆದ್ದರಿಂದ ಅವನಿಗೆ ತಿಳಿಯಲಿಲ್ಲ, ತಿಳಿಯದೆ ಇದ್ದದ್ದೇ ಒಳ್ಳೆಯದಾಯಿತು.

ಕಲ್ಯಾಣದ ಆಸ್ಪತ್ರೆಯಲ್ಲೂ ಅದೇ ಕತೆ. ನರ್ಸ್ ಬಂದು ಮರಾಠಿಯಲ್ಲಿ, "ಮುಲ್ಗಾ ಕೋಣ್?" ಎಂದು ಕೇಳಿದಳು. ಮಗ ಯಾರು ಎಂದರೆ ಇವರು ಕೈ ಎತ್ತಿದರು. ಮುದುಕಿಗೆ ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆ, ಯಾವಾಗ ಬಿದ್ದದ್ದು ಎಂದೆಲ್ಲ ಅವಳು ಕೇಳುತ್ತ ಹೋದಳು. ಇವರು ನನ್ನನ್ನು ತೋರಿಸುತ್ತ ಹೋದರು. ಕೊನೆಗೆ ಅವಳು ಕನಿಕರದಿಂದ ಅವರಿಗೊಂದು ಕುರ್ಚಿ ಎಳೆದುಕೊಟ್ಟು, ಮೂಕರಿಗೆ ಮಾಡುವ ಹಾಗೆ ಕೈಸನ್ನೆ ಮಾಡಿ ಕೂರಿಸಿದಳು. ಒಂದು ಲೋಟ ನೀರನ್ನೂ ತಂದುಕೊಟ್ಟಳು. ನಾನು ಒದ್ದೆ ಸೀರೆಯಲ್ಲೇ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ನನಗೆ ಯಾರೂ ನೀರು ಕೊಡಲಿಲ್ಲ.

ಸೊಂಟದ ಹತ್ತಿರ ಮೂಳೆ ಮುರಿದಿದೆ, ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಆಗ ಅವರು ಗಂಟಲು ಸರಿಮಾಡಿಕೊಂಡು ಮೊದಲ ಮಾತಾಡಿದರು. "ಪ್ರಾರಬ್ಧ" ಎಂದರು.

ಅವತ್ತು ನಾನು ಅವರನ್ನು ದ್ವೇಷಿಸಿದೆ. ಇದಕ್ಕಿಂತ ಮೃದುವಾದ ಪದ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅತ್ತೆ ಮನೆಗೆ ಬಂದ ಮೇಲೆ ಹಾಸಿಗೆಯಲ್ಲೇ ಎಲ್ಲವೂ. ನಾನು ಉಳಿದಿದ್ದ ರಜೆಯನ್ನೆಲ್ಲ ಹಾಕಿ ಮನೆಯಲ್ಲಿ ಕುಳಿತೆ. ಅವರು ಬೆಳಿಗ್ಗೆ ಜಪ ಮುಗಿಸಿ ಕಾರ್ಖಾನೆಗೆ ಹೋಗುವವರು, ಸಂಜೆ ಬಂದು ತಾಯಿಯ ಹಾಸಿಗೆ ಪಕ್ಕ ಕುಳಿತು ಸಮಾಧಾನ ಹೇಳುವವರು. ಒಂದು ಸಂಜೆ, "ಅಮ್ಮಾ, ನೋವು ದೇಹಕ್ಕೆ. ನೀನು ದೇಹ ಅಲ್ಲ. ನಿನಗೆ ನೋವಿಲ್ಲ" ಎಂದರು.

"ಆಯ್ತು," ಎಂದರು ಅತ್ತೆ. "ಈಗ ಆ ದೇಹಕ್ಕೆ ಮೂತ್ರ ಬಂದಿದೆ. ಪ್ಯಾನ್ ತಂದು ಇಡು."

ಅವರು ನನ್ನನ್ನು ಕರೆದರು.

ಮುಂದಿನ ವಾರ ನಾನು ಆ ಮೇಷ್ಟರನ್ನು ನೋಡಲು ಡೊಂಬಿವಲಿಗೆ ಹೊರಟೆ. ಅತ್ತೆಯ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿದ್ದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಮನಸ್ಸಿನಲ್ಲಿ ಕಟ್ಟಿಕೊಂಡೇ ಹೋಗಿದ್ದೆ. ಮನೆ ಒಡೆಯುವವರಲ್ಲೂ ಎಷ್ಟೋ ವಿಧ ಇದೆ, ನೀವು ಪುಣ್ಯದ ಹೆಸರಲ್ಲಿ ಒಡೆಯುವವರು ಎನ್ನುವಷ್ಟು ದೂರ ಹೋಗಿತ್ತು ನನ್ನ ತಯಾರಿ. ಅವರ ಮನೆಯ ಬಾಗಿಲು ತೆರೆದಾಗ ಎದುರು ನಿಂತದ್ದು ಬೆಳ್ಳಗಿನ ಕೂದಲಿನ, ತೆಳ್ಳಗಿನ, ತೀರಾ ಸೌಮ್ಯ ಮುಖದ ಒಬ್ಬ ವೃದ್ಧರು. "ಬನ್ನಿ ತಾಯಿ, ಕೂತ್ಕೊಳ್ಳಿ" ಎಂದರು. ಅಲ್ಲಿಗೇ ನನ್ನ ಅರ್ಧ ಬಲ ಹೋಯಿತು.

ನಡೆದದ್ದನ್ನೆಲ್ಲ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಕೇಳುತ್ತ ಕೇಳುತ್ತ ನಿಜವಾಗಿಯೂ ನೊಂದುಕೊಂಡರು.

"ನಾನು ಇದನ್ನು ಹೇಳಿಲ್ಲ ತಾಯಿ. ಬಿಡಬೇಕಾದದ್ದು ಫಲದ ಆಸೆಯನ್ನು, ಕೆಲಸವನ್ನಲ್ಲ. ಮೊದಲ ಪಾಠದಲ್ಲೇ ಇದನ್ನು ಹೇಳ್ತೀನಿ."

"ಅವರಿಗೆ ಅದನ್ನು ಮುಖಕ್ಕೆ ಹೇಳಿ ಸಾರ್. ನಾನು ಹೇಳಿದ್ರೆ ನನಗೆ ಮೋಹ ಅಂತಾರೆ."

"ಹೇಳ್ತೀನಿ. ಆದರೆ ಒಬ್ಬರನ್ನೇ ಬೊಟ್ಟು ಮಾಡಿ ಹೇಳೋದು ಸರಿಯಾಗಲ್ಲ. ಎಲ್ಲರಿಗೂ ಅನ್ವಯಿಸೋ ಹಾಗೆ ಹೇಳ್ತೀನಿ."

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲು ಅವರ ಕುರ್ಚಿಯಿಂದ ಎರಡು ಹೆಜ್ಜೆ. ಅವರು ಮಾತು ಮುಂದುವರಿಸಿದರು. ಒಳಗಿನಿಂದ ಅವರ ಹೆಂಡತಿ, ಮೊಣಕಾಲು ಹಿಡಿದುಕೊಂಡು, ಹಿಟ್ಟು ಮೆತ್ತಿದ ಕೈಯನ್ನು ಎತ್ತಿಹಿಡಿದುಕೊಂಡು ಬಂದು, ಮೊಣಕೈಯಿಂದ ಚಿಲಕ ಸರಿಸಿದರು. ಹಾಲಿನವನು. ಹಾಲು ತೆಗೆದುಕೊಂಡು ಹಾಗೇ ಕುಂಟುತ್ತ ಒಳಗೆ ಹೋದರು. ಮೇಷ್ಟರು ಕರ್ತವ್ಯದ ಬಗ್ಗೆ ಹೇಳುತ್ತಿದ್ದರು.

ಹೊರಡುವಾಗ ಆಕೆ ಬಾಗಿಲವರೆಗೆ ಬಂದರು. ನಾನು ಯಾಕೆ ಬಂದಿದ್ದೆನೆಂದು ಒಳಗೆ ಕೇಳಿಸಿಕೊಂಡಿರಬೇಕು, ಆದರೆ ಆ ಬಗ್ಗೆ ಏನೂ ಆಡಲಿಲ್ಲ.

"ನಿಮ್ಮ ಯಜಮಾನರು ಚಪ್ಪಲಿ ನೇರವಾಗಿ ಬಿಡ್ತಾರೆ. ಉಳಿದವರ ಚಪ್ಪಲಿ ಎಲ್ಲ ನಾನೇ ಜೋಡಿಸ್ಬೇಕು" ಎಂದರು.

"ನೀವೂ ಪಾಠಕ್ಕೆ ಕೂರ್ತೀರಾ?" ಎಂದು ಕೇಳಿದೆ.

"ಒಳಗಿಂದ ಕೇಳ್ತದೆ ಅರ್ಧ. ಬಂದವರಿಗೆ ತಿಂಡಿ ಆಗ್ಬೇಕಲ್ಲ. ಮಿಕ್ಸಿ ಹಾಕಿದ್ರೆ ಆ ಅರ್ಧವೂ ಇಲ್ಲ."

ನನಗೆ ಅಳು ಬರುವ ಹಾಗಾಯಿತು, ಅವರಿಗಾಗಿಯೋ ನನಗಾಗಿಯೋ ತಿಳಿಯಲಿಲ್ಲ. ಸ್ಟೇಷನ್ನಿಗೆ ಬಂದು ನೋಡಿದರೆ ಹಳಿ ದುರಸ್ತಿಯ ಮೆಗಾಬ್ಲಾಕು ಆವತ್ತೇ. ಲೋಕಲ್ಲಿಗಾಗಿ ಬಹಳ ಹೊತ್ತು ನಿಂತಿದ್ದೆ.

ಮೇಷ್ಟರು ಮಾತು ಉಳಿಸಿಕೊಂಡರು. ಆ ಶನಿವಾರ ಇವರು ಪಾಠ ಮುಗಿಸಿ ಬಂದಾಗ ಮುಖ ಅರಳಿತ್ತು. ಕೊನೆಗೂ ತಟ್ಟಿತು ಎಂದುಕೊಂಡೆ.

"ಎಂಥ ಪಾಠ ಇವತ್ತು, ಗೊತ್ತುಂಟಾ?" ಎಂದರು. "ಕೆಲವರು ವೈರಾಗ್ಯದ ಹೆಸರಲ್ಲಿ ಕರ್ತವ್ಯ ಬಿಟ್ಟು ಕೂತ್ಕೊಳ್ತಾರಂತೆ. ಮನೆಯವರಿಗೆ ಎಲ್ಲ ಹೊರೆ. ಅದು ವೈರಾಗ್ಯ ಅಲ್ಲ, ಸೋಮಾರಿತನ ಅಂತ ಸರಿಯಾಗಿ ಹೇಳಿದ್ರು. ನನಗೆ ನಮ್ಮ ಕ್ಲಾಸಿನ ಒಂದಿಬ್ಬರು ಕಣ್ಣ ಮುಂದೆ ಬಂದ್ರು. ಪಾಪ, ಅವರ ಹೆಂಡ್ತಿಯರು."

ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಆಮೇಲೆ ನಾನೇ ಓದಲು ಹೊರಟೆ. ಭಕ್ತಿಯಿಂದಲ್ಲ, ಜಗಳಕ್ಕೆ ಸಾಮಾನು ಬೇಕಾಗಿತ್ತು. ನಡುವೆ ಎರಡು ದಿನ ಆಫೀಸಿಗೆ ಹೋಗಿ ಬರಬೇಕಾಗಿ ಬಂದಾಗ ಅವರ ಪಾಠದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬಳ ಮೊಣಕೈ ನನ್ನ ಪಕ್ಕೆಯಲ್ಲಿ, ಇನ್ನೊಬ್ಬಳ ಒದ್ದೆ ಕೊಡೆ ನನ್ನ ಪಾದದ ಮೇಲೆ. ಅಲ್ಲಿ ನಿಂತು ಸುಖದುಃಖಗಳಲ್ಲಿ ಸಮನಾಗಿರಬೇಕೆಂಬುದನ್ನು ಓದಿದೆ. ಬಹಳಷ್ಟು ಅರ್ಥವಾಗಲಿಲ್ಲ. ಅರ್ಥವಾದದ್ದು ಚೆನ್ನಾಗಿತ್ತು, ಅದೇ ಮತ್ತೂ ಸಿಟ್ಟು ತರಿಸಿತು. ಇಷ್ಟು ಒಳ್ಳೆಯ ಮಾತನ್ನು ಓದಿ ಒಬ್ಬ ಮನುಷ್ಯ ಬಕೆಟ್ ಹಿಡಿಯದೆ ಕೂರುವುದಕ್ಕೆ ಹೇಗೆ ಸಾಧ್ಯ?

ಆ ಸಂಜೆ ಊಟಕ್ಕೆ ಕೂತಾಗ ಶುರುಮಾಡಿದೆ. "ನಿಮ್ಮ ಪುಸ್ತಕದಲ್ಲೇ ಉಂಟು. ಗೃಹಸ್ಥ ಮನೆಯ ಕೆಲಸ ಬಿಡಬಾರದಂತೆ."

"ಅದು ಗೃಹಸ್ಥರಿಗೆ."

"ಮತ್ತೆ ನೀವು?"

"ನಾನು ಮನಸ್ಸಿನಿಂದ ವಾನಪ್ರಸ್ಥ."

"ಮನಸ್ಸಿನಿಂದ ವಾನಪ್ರಸ್ಥ, ಹೊಟ್ಟೆಯಿಂದ ಗೃಹಸ್ಥ!" ಎಂದೆ. "ಕಾಡಿಗೆ ಹೋಗಿ ಮತ್ತೆ. ಅಲ್ಲಿ ಸಾಂಬಾರಿಗೆ ಯಾರು ಒಗ್ಗರಣೆ ಹಾಕ್ತಾರೆ ನೋಡುವ. ತಾವರೆ ಎಲೆ ಮೇಲಿನ ನೀರು ಅಂತೀರಲ್ಲ, ಆ ಎಲೆ ಮುಳುಗದ ಹಾಗೆ ಕೆಳಗೆ ಹಿಡ್ಕೊಂಡಿರುವವಳು ನಾನು. ನನಗೆ ಕೈ ಸೋತಿದೆ."

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಎಷ್ಟೋ ಕಾಲದ ನಂತರ ಅವರ ದನಿ ಏರಿತು.

"ಕಾರ್ಖಾನೆಯಲ್ಲಿ ನನಗೆ ಕೆಲಸವೇ ಇಲ್ಲ, ಗೊತ್ತುಂಟಾ ನಿನಗೆ? ಉಗ್ರಾಣವನ್ನು ಕಂಪ್ಯೂಟರ್ ಗೊತ್ತಿರುವ ಒಬ್ಬ ಹುಡುಗನಿಗೆ ಕೊಟ್ಟಿದ್ದಾರೆ. ನನ್ನನ್ನು ಮೂಲೆಯಲ್ಲಿ ಒಂದು ಮೇಜು ಕೊಟ್ಟು ಕೂರಿಸಿದ್ದಾರೆ. ಯಾರೂ ಏನೂ ಕೇಳುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಬೇರೆಯವರು ಕೆಲಸ ಮಾಡುವುದನ್ನು ನೋಡುವುದು. ಎರಡು ವರ್ಷ ಮೇಲಾಯ್ತು. ಸಾಕ್ಷಿ ಅಂದ್ಕೊಳ್ಳದೆ ಹೇಗೆ ಕೂರುವುದು ನಾನು ಅಲ್ಲಿ?"

ಮಗಳು ಟಿವಿಯ ಸದ್ದು ತಗ್ಗಿಸಿದಳು. ಎರಡು ವರ್ಷ ಅವರು ದಿನಾ ಡಬ್ಬಿ ಹಿಡಿದು ಹೊರಟಿದ್ದರು. ನಾನು ದಿನಾ ಡಬ್ಬಿ ಕಟ್ಟಿದ್ದೆ. ಸುಮ್ಮನೆ ಕೂರುವುದನ್ನು ಅವರಿಗೆ ಕಾರ್ಖಾನೆ ಕಲಿಸಿತ್ತು, ವೇದಾಂತ ಅದಕ್ಕೊಂದು ಮರ್ಯಾದೆಯ ಹೆಸರು ಕೊಟ್ಟಿತ್ತು. ನನಗೆ ಕರುಣೆ ಬಂತು. ಆದರೆ ಕರುಣೆ ಬಂದದ್ದರಿಂದ ಸಿಟ್ಟು ಹೋಗಲಿಲ್ಲ. ಎರಡೂ ಒಟ್ಟಿಗೇ ಒಂದೇ ಹೊಟ್ಟೆಯಲ್ಲಿ ಕುಳಿತವು. ಅಲ್ಲಿ ಕೆಲಸವಿಲ್ಲದವರು ಇಲ್ಲಿ ಬಂದು ಮಾಡಬಹುದಿತ್ತಲ್ಲ, ಇಲ್ಲಿ ಬೇಕಾದಷ್ಟಿತ್ತು ಎಂಬುದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆ ಹೊತ್ತಿನಲ್ಲಿ ಅದನ್ನು ಆಡಲಾಗಲಿಲ್ಲ.

ಅದನ್ನು ಆಡಿದ್ದು ಅತ್ತೆ. ನನ್ನ ರಜೆ ಮುಗಿಯುತ್ತ ಬಂದಿತ್ತು, ಆಫೀಸಿನಿಂದ ಫೋನ್ ಬರಲು ಶುರುವಾಗಿತ್ತು. ಒಂದು ಬೆಳಿಗ್ಗೆ ಅತ್ತೆ ಮಗನನ್ನು ಹತ್ತಿರ ಕರೆದರು.

"ಇವಳು ನಾಳೆಯಿಂದ ಕೆಲಸಕ್ಕೆ ಹೋಗಲಿ. ಅವಳಿಗೆ ಅಲ್ಲಿ ಕೆಲಸ ಉಂಟು. ನಿನಗೆ ಅಲ್ಲಿ ಇಲ್ಲವಂತಲ್ಲ, ನೀನು ರಜೆ ಹಾಕಿ ನನ್ನನ್ನು ನೋಡ್ಕೋ."

"ಅಮ್ಮಾ, ಹೆಂಗಸರ ಕೆಲಸ ಅದು, ಮೈ ಒರೆಸುದು, ಅದೆಲ್ಲ..."

"ನಾನು ದೇಹ ಅಲ್ಲ ಅಂತ ನೀನೇ ಹೇಳಿದ್ದು. ದೇಹವೇ ಅಲ್ಲದವಳು ಹೆಂಗಸು ಹೇಗಾಗ್ತಾಳೆ? ನಾಚಿಕೆ ಬಿಡು."

ದ್ವೈತ ಅದ್ವೈತದ ವಾದದಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಗೆದ್ದರೆ ಅದು ಆ ಒಂದೇ ಸಲ. ಮರುದಿನ ನಾನು ಲೋಕಲ್ ಹತ್ತಿದೆ. ಇಡೀ ದಿನ ಮನಸ್ಸು ಮನೆಯಲ್ಲೇ ಇತ್ತು. ಸಂಜೆ ಬಂದು ನೋಡಿದರೆ ಹಾಲು ಉಕ್ಕಿ ಒಲೆಯೆಲ್ಲ ಅಂಟು, ಹಾಸಿಗೆಯ ಹೊದಿಕೆ ಒದ್ದೆ, ಅತ್ತೆಯ ಕೂದಲು ಯಾರೋ ಕಿತ್ತು ಜಡೆ ಹಾಕಿದ ಹಾಗಿತ್ತು. ಇವರು ಕುರ್ಚಿಯಲ್ಲಿ ಕುಸಿದಿದ್ದರು. "ನಾಳೆ ನೀನು ರಜೆ ಹಾಕು" ಎಂದರು. ನಾನು ಹಾಕಲಿಲ್ಲ. ಬಹಳ ಕಷ್ಟಪಟ್ಟು ಹಾಕಲಿಲ್ಲ.

ಅವರು ಕಲಿತರು. ಪ್ಯಾನ್ ಇಡುವುದು, ಬೆನ್ನಿಗೆ ಪೌಡರ್ ಹಾಕಿ ಮಗ್ಗುಲು ತಿರುಗಿಸುವುದು, ಗಂಜಿಯನ್ನು ಆರಿಸಿ ಕುಡಿಸುವುದು ಎಲ್ಲ ಕಲಿತರು. ಆಮೇಲೆ ಸ್ವಯಂನಿವೃತ್ತಿಯನ್ನೂ ತೆಗೆದುಕೊಂಡರು. ನೀರು ಬಂದಾಗ ಅವರೇ ಡ್ರಮ್ ತುಂಬಿಸುತ್ತಿದ್ದರು. ತಾಯಿಯ ಬಟ್ಟೆ ಒಗೆಯಲು ನೀರು ಬೇಕಲ್ಲ. ಒಂದು ಸಂಜೆ ನಾನು ಬಂದಾಗ ಅವರು ಅತ್ತೆಯ ಕಾಲಿನ ಉಗುರು ಕತ್ತರಿಸುತ್ತಿದ್ದರು. "ಈಗಾದ್ರೂ ಗೊತ್ತಾಯ್ತಾ, ನೀನು ಬ್ರಹ್ಮ ಅಲ್ಲ ಅಂತ?" ಎಂದು ಅತ್ತೆ ಕೇಳಿದರು. ಅವರು ತಲೆ ಎತ್ತದೆ, "ಸ್ವಲ್ಪ ಸ್ವಲ್ಪ ಗೊತ್ತಾಗ್ತಾ ಉಂಟು" ಎಂದು ನಕ್ಕರು. ನಾನು ಬಾಗಿಲಲ್ಲೇ ಚಪ್ಪಲಿ ಕಳಚುತ್ತ ನಿಂತು ಆ ನಗುವನ್ನು ಕೇಳಿದೆ.

ಕತೆ ಇಲ್ಲಿಗೆ ನಿಂತಿದ್ದರೆ ನಾನು ಸಮಾಧಾನದಿಂದ ಬರೆಯುತ್ತಿದ್ದೆ. ಸುದ್ದಿ ಪಾಠದ ಮನೆಗೆ ಹೋಯಿತು. ಮೇಷ್ಟರು ಸಂತೋಷಪಟ್ಟು ಎಲ್ಲರ ಮುಂದೆ ಇವರ ಉದಾಹರಣೆ ಕೊಟ್ಟರು, ಈ ಸಲ ಬೊಟ್ಟು ಮಾಡಿಯೇ. ನಿಷ್ಕಾಮ ಕರ್ಮ ಎಂದರೆ ಹೀಗಿರಬೇಕು, ನೌಕರಿಯನ್ನೇ ತೊರೆದು ಮಾತೃಸೇವೆಗೆ ನಿಂತ ಮಗ ಎಂದರು. ಜನ ಮನೆಗೆ ಬರತೊಡಗಿದರು. ಕೋಪರಖೈರಣೆಯಿಂದ ಒಬ್ಬ ಅಂಗಡಿಯವರು ಹೆಂಡತಿಯನ್ನು ಕರೆದುಕೊಂಡು ಬಂದು, ಬೇಡ ಬೇಡ ಎಂದರೂ ಇವರ ಕಾಲು ಮುಟ್ಟಿದರು. ಆ ಹೆಂಡತಿ ನನ್ನ ಕಡೆ ತಿರುಗಿ, "ನೀವು ಪುಣ್ಯ ಮಾಡಿದ್ರಿ ಬಿಡಿ" ಎಂದಳು.

ಆ ಚಳಿಗಾಲದಲ್ಲಿ ಕನ್ನಡದವರ ಒಂದು ಸಭೆಯಲ್ಲಿ ಇವರಿಗೆ ಶಾಲು ಹೊದಿಸಿದರು. ನಾನು ಮೂರನೆಯ ಸಾಲಿನಲ್ಲಿ ಅವರ ಕನ್ನಡಕದ ಡಬ್ಬಿ ಹಿಡಿದುಕೊಂಡು ಕುಳಿತಿದ್ದೆ. ವೇದಿಕೆಯ ಮೇಲಿದ್ದವರು ಸೇವೆ, ತ್ಯಾಗ, ಋಣ ಎಂದು ಮಾತಾಡುತ್ತಲೇ ಇದ್ದರು. ಮದುವೆಯಾಗಿ ಬಂದ ದಿನದಿಂದ ನಾನು ಆ ಮುದುಕಿಗೆ ಊಟ ಹಾಕಿದ್ದೆ, ಜ್ವರದಲ್ಲಿ ಕಾದಿದ್ದೆ, ಅವರು ಬಿದ್ದಾಗ ಬಚ್ಚಲಿನಿಂದ ಎತ್ತಿದ್ದೆ. ಅದಕ್ಕೆ ಯಾವ ಶಾಸ್ತ್ರದಲ್ಲೂ ಒಂದು ಪದ ಇರಲಿಲ್ಲ. ಗಂಡಸು ಮಾಡಿದರೆ ಯೋಗ, ಹೆಂಗಸು ಮಾಡಿದರೆ ಸಂಸಾರ. ಮಗಳು ನನ್ನ ಕಿವಿಯಲ್ಲಿ, "ಅಮ್ಮಾ, ಜಾವೂ ದೇ ನಾ" ಎಂದಳು. ಹೋಗಲಿ ಬಿಡು ಅಂತೆ. ಬಿಡುವುದು ಅಷ್ಟು ಸುಲಭವಾಗಿದ್ದರೆ ಅವಳ ಅಪ್ಪನಿಗೆ ಅಷ್ಟು ವರ್ಷ ಪಾಠ ಎಂತಕ್ಕೆ ಬೇಕಿತ್ತು?

ಮನೆಗೆ ಬಂದಾಗ ಅತ್ತೆ ಎಚ್ಚರವಾಗಿದ್ದರು. ಶಾಲನ್ನು ನೋಡಿ, "ಚೆನ್ನಾಗಿ ದಪ್ಪ ಉಂಟಲ್ಲ. ತಾ, ನನಗೆ ಚಳಿ ಆಗ್ತದೆ" ಎಂದರು. ಅದನ್ನು ಹೊದ್ದುಕೊಂಡೇ ಆ ಚಳಿಗಾಲ ಕಳೆದರು. ಮುಂದಿನ ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಹೋದದ್ದು ಬೆಳಿಗ್ಗೆ, ಕಾಫಿ ಕುಡಿದ ಮೇಲೆ. ಮಗನ ಕೈ ಅವರ ಬೆನ್ನ ಹಿಂದೆ ಇತ್ತು.

ಪಾಠದವರು ಬಂದು ಸಾಲಾಗಿ ಕುಳಿತರು. ಆತ್ಮಕ್ಕೆ ಸಾವಿಲ್ಲ, ಹುಟ್ಟೂ ಇಲ್ಲ, ನಿಮಗೆ ನಾವು ಹೇಳಬೇಕೇ ಎಂದರು. ಇವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ, "ಗೊತ್ತುಂಟು. ಈಗ ಅದು ಬೇಡ" ಎಂದು ಎದ್ದು ಅಡುಗೆಮನೆಗೆ ಬಂದು, ನಾನು ನಿಂತಿದ್ದ ಕಡೆ ಗೋಡೆಗೆ ಒರಗಿ ಅತ್ತರು. ನಾನು ಅವರ ಬೆನ್ನು ಸವರಿದೆ. ಹೊರಗೆ ಕುಳಿತವರಿಗೆ ಕಾಫಿಯನ್ನೂ ಮಾಡಿದೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಅವರು ಈಗಲೂ ಶನಿವಾರ ಪಾಠಕ್ಕೆ ಹೋಗುತ್ತಾರೆ. ಮೌನ ಮಾತ್ರ ಬಿಟ್ಟಿದ್ದಾರೆ. ಮನೆಯ ಕೆಲಸದಲ್ಲಿ ಕೈ ಜೋಡಿಸುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ತಟ್ಟೆ ತೊಳೆದರೂ ಅದಕ್ಕೊಂದು ತತ್ವ ಹೇಳುತ್ತಾರೆ. ನಾನು ಇನ್ನೂ ನೌಕರಿ ಮಾಡುತ್ತಿದ್ದೇನೆ. ನಾನು ತೊಳೆದ ತಟ್ಟೆ ಬರೀ ತಟ್ಟೆ.

ಮೊನ್ನೆ ಇಬ್ಬರೂ ಅಲಸಂಡೆ ಮುರಿಯುತ್ತ ಕುಳಿತಿದ್ದಾಗ ನೇರವಾಗಿ ಕೇಳಿದೆ. "ನೀವು ಅಮ್ಮನಿಗೆ ಮಾಡಿದ್ದು ನಿಷ್ಕಾಮ ಕರ್ಮ. ನಾನು ಅದಕ್ಕೆ ಮೊದಲು ಅಷ್ಟೂ ವರ್ಷ ಮಾಡಿದ್ದಕ್ಕೆ ಹೆಸರು ಎಂತ?"

ಅವರು ಒಂದು ಕಾಯನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದರು. "ಅದೂ ಅದೇ ಅಲ್ವಾ?" ಎಂದರು.

"ನನಗೆ ಫಲ ಬೇಕಿತ್ತು," ಎಂದೆ. "ಯಾರಾದ್ರೂ ಒಬ್ಬರು ಸಾಕಾಯ್ತಾ ಅಂತ ಕೇಳಬೇಕಿತ್ತು. ಹಾಗಾಗಿ ಅದು ನಿಷ್ಕಾಮ ಅಲ್ಲ. ಬೇರೆ ಹೆಸರು ಹುಡುಕಿ."

ಅವರು, ಯೋಚನೆ ಮಾಡಿ ಹೇಳ್ತೇನೆ ಎಂದರು. ಇನ್ನೂ ಹೇಳಿಲ್ಲ.